ಇಪ್ಪತ್ತಾರು ಇಂಚಿನ ರಿಂಗು

“ಅಪ್ಪಾ, ಅಲುಗಾಡಬ್ಯಾಡ! ಬೀಳ್ತೇನಿ!”

“ನಾ ಎಲ್ಲಿ ಅಲುಗಾಡಾಕತ್ತೇನಿ? ನೀನ ಕುಣ್ಯಾಕತ್ತಿ. ಲಗೂ ಹೇಳು, ಎಷ್ಟೈತಿ?”

ಹೊಳೆವ್ವ ಅಪ್ಪನ ಹೆಗಲ ಮೇಲೆ ನಿಂತಿದ್ದಳು. ಟೇಪಿನ ಒಂದು ತುದಿಯನ್ನು ಕಬ್ಬಿಣದ ರಿಂಗಿನ ಈ ಅಂಚಿಗೆ ಒತ್ತಿ ಹಿಡಿದು, ಇನ್ನೊಂದನ್ನು ಆ ಅಂಚಿನವರೆಗೆ ಎಳೆದಳು.

“ಇಪ್ಪತ್ತಾರ ಇಂಚ!”

“ಸರಿಯಾಗಿ ನೋಡ ಯವ್ವಾ. ಪುಸ್ತಕದಾಗ ಎಷ್ಟಂತ ಐತಿ?”

“ಹದಿನೆಂಟ.”

ಅಪ್ಪ ಅವಳನ್ನು ಕೆಳಗಿಳಿಸಿದ. ತಲೆಯೆತ್ತಿ ರಿಂಗನ್ನು ನೋಡಿದ. ಆಮೇಲೆ ಕಾಲೇಜಿನ ಅಂಗಳದಲ್ಲಿ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. ಬೆಳಗಿನ ಹೊತ್ತು, ಯಾರೂ ಇರಲಿಲ್ಲ.

ಆಗ ದೊಡ್ಡ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ವಿಜಾಪುರದ ಹೊಸ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಕೋಚು ಪುಣೆಗೆ ಹೊರಟುಹೋಗಿದ್ದರು. ಹೋಗುವಾಗ ತಾವೇ ತಂದಿದ್ದ ಎರಡು ರಿಂಗುಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ಕಾಲೇಜಿನ ಕಮಿಟಿಯ ಅಧ್ಯಕ್ಷರು ಬಸಗೊಂಡಪ್ಪ ಸಾವುಕಾರರು. ಅವರದು ಎಣ್ಣೆ ವ್ಯಾಪಾರ. ಅಂಗಡಿಯ ಹಳೆಯ ಪೀಪಾಯಿಗಳಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳನ್ನು ಬಿಚ್ಚಿಸಿ, ಕೆಂಪು ಬಣ್ಣ ಹಚ್ಚಿಸಿ, “ಇದು ನನ್ನ ದೇಣಿಗಿ” ಎಂದು ಕಂಬಗಳಿಗೆ ಹೊಡೆಸಿದ್ದರು.

ಈಗ ಹೊಸ ಮುಖ್ಯ ಕೋಚು ಬೇಕಾಗಿತ್ತು. ಹೊಳೆವ್ವನ ಅಪ್ಪ ಅಮರಪ್ಪ ಹನ್ನೆರಡು ವರ್ಷದಿಂದ ಗಂಡುಮಕ್ಕಳ ಸಾಲೆಯಲ್ಲಿ ಡ್ರಿಲ್ ಮಾಸ್ತರ. ಅವನೊಂದು ಸೀಟಿ ಊದಿದರೆ ನಾನೂರು ಹುಡುಗರು ಕಂಬದಂತೆ ನಿಲ್ಲುತ್ತಿದ್ದರು. ಆದರೆ ಊರವರು ಅವನನ್ನು “ಡ್ರಿಲ್” ಎಂದಷ್ಟೇ ಕರೆಯುತ್ತಿದ್ದರು. “ಏ ಡ್ರಿಲ್, ಎಲ್ಲಿ ಹೊಂಟಿ?” ಅಪ್ಪನಿಗೆ ಒಮ್ಮೆಯಾದರೂ “ಕೋಚ್ ಸಾಹೇಬ್ರ” ಅನ್ನಿಸಿಕೊಳ್ಳುವ ಆಸೆ.

ಅವನಿಗೆ ಆ ಆಟ ಗೊತ್ತಿರಲಿಲ್ಲ. ನಿಯಮಗಳ ಪುಸ್ತಕ ಸಿಕ್ಕಿತ್ತು, ಆದರೆ ಅದು ಮರಾಠಿಯಲ್ಲಿತ್ತು. ಹೊಳೆವ್ವ ಮೂರು ವರ್ಷ ಸೊಲ್ಲಾಪುರದ ಸೋದರಮಾವನ ಮನೆಯಲ್ಲಿದ್ದು ಓದಿದವಳು. ಅವಳು ಓದಿ ಹೇಳುವುದು, ಅಪ್ಪ ಬಾಯಿಪಾಠ ಮಾಡುವುದು. ಹೀಗೆ ಹತ್ತು ದಿನ ನಡೆದಿತ್ತು.

“ಚೆಂಡ ಹಿಡಕೊಂಡು ಓಡಬಾರದು.”

“ಮತ್ತ ಹೆಂಗ ಓಡಬೇಕು?”

“ಪುಟ ಹೊಡಕೋತ ಓಡಬೇಕು.”

“ಇದೆಂಥಾ ಆಟ ಬೇ!”

*

ಅದೇ ದಿನ ಒಂಬತ್ತು ಗಂಟೆಗೆ ಇಂಟರ್‌ವ್ಯೂ ಶುರುವಾಯಿತು. ಬೇವಿನ ಗಿಡದ ಕೆಳಗೆ ಮೂರು ಕುರ್ಚಿ ಹಾಕಿದ್ದರು. ನಡುವೆ ಬಸಗೊಂಡಪ್ಪ ಸಾವುಕಾರರು, ಬಲಕ್ಕೆ ಕಮಿಟಿಯ ಗುರುಪಾದಯ್ಯನವರು, ಎಡಕ್ಕೆ ಪ್ರಿನ್ಸಿಪಾಲರು. ಪ್ರಿನ್ಸಿಪಾಲರು ಏನೋ ಹೇಳಲು ಆಗಾಗ ಬಾಯಿ ತೆರೆಯುತ್ತಿದ್ದರು. ಸಾವುಕಾರರು ಅವರತ್ತ ತಿರುಗಿದೊಡನೆ ಮುಚ್ಚುತ್ತಿದ್ದರು. ಹೊಳೆವ್ವ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದಳು.

ಮೊದಲು ಬಂದವನು ತಿಕೋಟಾದ ಪೈಲವಾನ ಬಾಬು. “ನಿನ್ನ ಶಕ್ತಿ ತೋರ್ಸು,” ಎಂದರು ಸಾವುಕಾರರು. ಬಾಬು ಚೆಂಡನ್ನು ಎದೆಗೆ ಅವುಚಿಕೊಂಡು ಒತ್ತಿದ. ಢಬ್ ಎಂದು ಅದು ಒಡೆಯಿತು.

“ಭೇಷ್!” ಎಂದರು ಗುರುಪಾದಯ್ಯನವರು. ಕಾಲೇಜಿನಲ್ಲಿ ಇನ್ನು ಒಂದೇ ಚೆಂಡು ಉಳಿದಿತ್ತು. ಅದಕ್ಕೇ ಬಾಬುವನ್ನು ಕೈಬಿಟ್ಟರು.

ಎರಡನೆಯವನು ದಾವಲಸಾಬ. ಯುದ್ಧದ ಕಾಲದಲ್ಲಿ ಪಲ್ಟನ್ನಿನಲ್ಲಿದ್ದು ಬಂದವನು, ಈಗ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಪಲ್ಟನ್ನಿನಲ್ಲಿ ಮೂರು ವರ್ಷ ಇದೇ ಆಟ ಆಡಿದ್ದನಂತೆ. ಯಾರೂ ಕೇಳುವ ಮೊದಲೇ ಚೆಂಡು ಪುಟಿಸುತ್ತಾ ಓಡಿ, ಹಾರಿ ರಿಂಗಿಗೆ ಹಾಕಿದ. ಹೊಳೆವ್ವನ ಬಾಯಿ ತೆರೆದಿದ್ದು ಹಾಗೇ ಉಳಿಯಿತು.

“ಚೆಂಡು ಚರ್ಮದ್ದು,” ಎಂದರು ಗುರುಪಾದಯ್ಯನವರು. “ಆಟ ಮುಗದ ಮ್ಯಾಲ ಹುಡುಗರ ಕೈ ತೊಳಸ್ತೀಯೇನು?”

“ಆಡೂಕಿಂತ ಮೊದಲ ತೊಳಸ್ತೇನ್ರಿ. ಕೈಗೆ ಎಣ್ಣಿ ಇದ್ದರ ಚೆಂಡು ಜಾರ್ತೈತಿ.”

‘ಎಣ್ಣಿ’ ಎಂದಾಗ ಸಾವುಕಾರರು ನೆಟ್ಟಗಾದರು. “ಅದಿರಲಿ. ನಮ್ಮ ರಿಂಗ ಹೆಂಗದಾವು?”

“ಭಾಳ ದೊಡ್ಡವದಾವ್ರಿ. ಇದರಾಗ ಕಲ್ತರ ಹುಡುಗ್ರ ಗುರಿ ಕೆಡ್ತೈತಿ. ತಗದ ಬಿಡ್ರಿ.”

ಸಾವುಕಾರರ ಮುಖ ರಿಂಗಿನಷ್ಟೇ ಕೆಂಪಾಯಿತು. ಪ್ರಿನ್ಸಿಪಾಲರು ಬಾಯಿ ತೆರೆದು ಮುಚ್ಚಿದರು. “ಆತು, ನೀ ಹೋಗು,” ಎಂದರು ಸಾವುಕಾರರು.

ಮೂರನೆಯವನು ಅಪ್ಪ. ಬಂದು ಸಲಾಮು ಹೊಡೆದು ನಿಂತ. ಕೈ ತೊಳೆಸುತ್ತೇನೆ ಎಂದ. ಎರಡು ಸಲ ತೊಳೆಸುತ್ತೇನೆ ಎಂದ.

“ರಿಂಗ?”

ಹೊಳೆವ್ವ ತುಟಿ ಅಲುಗಿಸಿದಳು: ಹದಿನೆಂಟು. ಅಪ್ಪ ಅವಳ ಕಡೆ ನೋಡಲಿಲ್ಲ.

“ಭಾಳ ಚೊಲೋ ಅದಾವ್ರಿ ಸಾವ್ಕಾರ್ರ. ಅಳತಿ ತಗೊಂಡು ಮಾಡ್ಸಿದಂಗ ಅದಾವು.”

ಐದೇ ನಿಮಿಷದಲ್ಲಿ ಅಪ್ಪ ಕೋಚ್ ಸಾಹೇಬ ಆದ. ಮನೆಯಲ್ಲಿ ಅವ್ವ ಗೌರಾಬಾಯಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಹೊಳೆವ್ವನಿಗೂ ಹಾಕಿದಳು. ಅವಳು ನಿಯಮಗಳ ಪುಸ್ತಕವನ್ನು ಮುಚ್ಚಿ ಮೂಲೆಯ ಗೂಡಿನಲ್ಲಿಟ್ಟಳು.

*

ಹುಡುಗರು ಖುಷಿಯಾಗಿದ್ದರು. ಎಲ್ಲಿಂದ ಎಸೆದರೂ ಚೆಂಡು ರಿಂಗಿನೊಳಗೇ ಬೀಳುತ್ತಿತ್ತು. ಬಬಲೇಶ್ವರದ ಒಬ್ಬ ಹುಡುಗನಂತೂ ಬೆನ್ನು ತಿರುಗಿಸಿ ನಿಂತು ಎಸೆದು ಗೋಲು ಮಾಡುತ್ತಿದ್ದ. ಸಾವುಕಾರರು ದಿನವೂ ಸಂಜೆ ಬಂದು ನೋಡಿ, “ಇಡೀ ಮುಂಬೈ ಇಲಾಖಾದಾಗ ಇಂಥಾ ಟೀಮಿಲ್ಲ,” ಎನ್ನುತ್ತಿದ್ದರು.

ಎರಡು ತಿಂಗಳಿಗೆ ಟೀಮು ರೈಲು ಹತ್ತಿ ಸೊಲ್ಲಾಪುರಕ್ಕೆ ಮ್ಯಾಚಿಗೆ ಹೋಯಿತು. ಅವರದು ನಲವತ್ತೊಂದು, ವಿಜಾಪುರದ್ದು ಎರಡು. ಆ ಎರಡೂ ಸೊಲ್ಲಾಪುರದ ಹುಡುಗನೊಬ್ಬನ ಕೈಗೆ ಬಡಿದು ತಪ್ಪಿ ಒಳಗೆ ಹೋದದ್ದು.

ಕಮಿಟಿ ಕೂಡಿತು. ಸೋತದ್ದು ಯಾಕೆ ಎಂದು ಎರಡು ತಾಸು ವಿಚಾರ ಮಾಡಿತು. ಕೊನೆಗೆ ಕಾರಣ ಸಿಕ್ಕಿತು: ಸೊಲ್ಲಾಪುರದವರ ರಿಂಗು ಸಣ್ಣವು! ಅವನ್ನು ದೊಡ್ಡದು ಮಾಡಬೇಕೆಂದು ಅವರಿಗೆ ಪತ್ರ ಬರೆಯಬೇಕು. ಅವರಿಗೆ ಚೆನ್ನಾಗಿ ತಿಳಿಯುವಂತೆ ಮರಾಠಿಯಲ್ಲೇ ಬರೆಯಬೇಕು. ಕೆಳಗೆ ಕೋಚಿನ ಸಹಿ ಇರಬೇಕು.

ಮರಾಠಿ ಎಂದರೆ ಹೊಳೆವ್ವ. ಅವಳು ಲಾಂದ್ರದ ಮುಂದೆ ಕುಳಿತು ಗುಂಡಗೆ ಬರೆದಳು: ‘ನಿಯಮದ ಪ್ರಕಾರ ರಿಂಗು...’

“ಅಪ್ಪಾ, ಇಲ್ಲಿ ಎಷ್ಟಿಂಚ ಅಂತ ಬರೀಲಿ?”

ಅಪ್ಪ ಗೋಡೆಗೆ ತೂಗುಹಾಕಿದ್ದ ಅಂಗಿಯನ್ನೇ ನೋಡುತ್ತಿದ್ದ. ಹೊಳೆವ್ವ ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನದನ್ನು ಬರೆದಳು.

ಮರುದಿನ ಸಂಜೆ ಕಮಿಟಿಯ ಮುಂದೆ ಪತ್ರ ಓದಲು ಅವಳನ್ನೇ ಕರೆದರು. ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಖಾಲಿ ಜಾಗಕ್ಕೆ ಬಂದು ನಿಂತಳು.

“ಯಾಕ ನಿಂತಿ?” ಎಂದರು ಸಾವುಕಾರರು.

“ಇಲ್ಲಿ ಏನೂ ಬರದಿಲ್ರಿ. ಎಷ್ಟ ಇಂಚ ಅನ್ನೂದು ಬಿಟ್ಟೇನ್ರಿ.”

“ಅದಕ್ಕೇನು, ಕೋಚ್ ಸಾಹೇಬ್ರು ಹೇಳ್ತಾರ. ಅಮರಪ್ಪ, ರಿಂಗ ಎಷ್ಟ ಇಂಚ ಇರಬೇಕು?”

ಅಪ್ಪ ಎದ್ದು ನಿಂತ. “ಹದಿನೆಂಟರಿ.”

“ಬರಕೋ ತಂಗಿ, ಹದಿನೆಂಟು. ಮತ್ತ ಆ ಸೊಲ್ಲಾಪುರದವರದು ಎಷ್ಟೈತಿ?”

“ಹದಿನೆಂಟರಿ.”

ಸಾವುಕಾರರು ಕಣ್ಣು ಪಿಳುಕಿಸಿದರು. “ನಮ್ಮದು?”

“ಇಪ್ಪತ್ತಾರರಿ.”

ಸಾವುಕಾರರು ಮುಂದಕ್ಕೆ ಬಾಗಿದರು.

“ಇದು ನಿನಗ ಯಾವಾಗ ಗೊತ್ತಾತು?”

“ಇಂಟರ್‌ವ್ಯೂ ದಿನಾನ, ಮುಂಜಾನೆ.”

“ಮತ್ತ್ಯಾಕ ಹೇಳ್ಲಿಲ್ಲ?”

ಅಪ್ಪ ಒಮ್ಮೆ ಹೊಳೆವ್ವನ ಕಡೆ ನೋಡಿದ.

“ಹೆದರಿದ್ದೆರಿ.”

ಹೊಳೆವ್ವ ಕೈಯಲ್ಲಿದ್ದ ಕಾಗದವನ್ನು ಕೆಳಗಿಳಿಸಿದಳು. ನಾನೂರು ಹುಡುಗರನ್ನು ಒಂದು ಸೀಟಿಗೆ ನಿಲ್ಲಿಸುವ ಅಪ್ಪನ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ.

ಆಮೇಲೆ ಕೂಗಾಟ. ಅಮರಪ್ಪನನ್ನು ತೆಗೆದುಹಾಕಿ ಎಂದರು ಗುರುಪಾದಯ್ಯನವರು. ಆಗ ಪ್ರಿನ್ಸಿಪಾಲರು ಬಾಯಿ ತೆರೆದರು, ಈ ಸಲ ಮುಚ್ಚಲಿಲ್ಲ. “ದಾವಲಸಾಬ ಇದನ್ನ ಅವತ್ತ ಹೇಳಿದ್ದ್ರಿ.”

“ಆತ ಹೇಳಿದ್ದು ಬ್ಯಾರೆ,” ಎಂದರು ಸಾವುಕಾರರು. “ಆತ ನನ್ನ ಪಟ್ಟಿಗೆ ದೊಡ್ಡದಂದ. ನಾ ಈಗ ಲೆಕ್ಕಾ ಹಾಕಿ ನೋಡಿ ಹೇಳಾಕತ್ತೇನಿ.” ಅದರಂತೆ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆಸಿದರು: ‘ಮಾನ್ಯ ಅಧ್ಯಕ್ಷರು ಖುದ್ದಾಗಿ ವಿಚಾರಣೆ ಮಾಡಿ ರಿಂಗು ದೊಡ್ಡದೆಂದು ಕಂಡುಹಿಡಿದಿದ್ದಾರೆ. ದಾವಲಸಾಬನನ್ನು ಮುಖ್ಯ ಕೋಚ್ ಎಂದು ಆರಿಸಲಾಗಿದೆ.’

ಈ ಸುದ್ದಿಯನ್ನು ದಾವಲಸಾಬನಿಗೆ ಹೇಳಲು ಅಪ್ಪ ತಾನೇ ಸ್ಟೇಷನ್ ರಸ್ತೆಗೆ ಹೋದ. ಹೊಳೆವ್ವ ಹಿಂದೆಯೇ ಹೋದಳು. ದಾವಲಸಾಬ ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ತನ್ನ ಪಾಲಿನದನ್ನೂ ಬಿಡದೆ ಹೇಳಿದ.

ದಾವಲಸಾಬ ಟ್ಯೂಬನ್ನು ನೀರಿನಿಂದ ತೆಗೆದು ತೂತಿಗೆ ಬೆರಳೊತ್ತಿ ಹಿಡಿದ. ಆಮೇಲೆ, “ಹುಡುಗ್ರನ್ನ ಸಾಲಾಗಿ ನಿಲ್ಸೂದು ನನಗ ಬರೂದಿಲ್ರಿ ಮಾಸ್ತರ್ರ. ಸಂಜಿಕ ನೀವೂ ಬರ್ರಿ,” ಎಂದ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಏನಾತ್ರಿ?”

“ಕೋಚಿನ ಕೆಲಸ ಹೋತು,” ಎಂದು ಅಪ್ಪ ಕೈ ತೊಳೆದು ತಾಟಿನ ಮುಂದೆ ಕುಳಿತ.

ಅವ್ವ ಗಾಬರಿಯಾಗಿ ಹೊಳೆವ್ವನ ಕಡೆ ನೋಡಿದಳು. ಸೊಲ್ಲಾಪುರದಿಂದ ಬಂದಂದಿನಿಂದ ಅಪ್ಪ ಅರ್ಧ ರೊಟ್ಟಿ ಮುರಿದು ಎದ್ದುಬಿಡುತ್ತಿದ್ದ. ಇವತ್ತು ಒಂದು ತಿಂದ. ಎರಡು ತಿಂದ. ಬದನೆಕಾಯಿ ಪಲ್ಯ ಇನ್ನಷ್ಟು ಹಾಕಿಸಿಕೊಂಡು ಮೂರನೆಯದನ್ನೂ ತಿಂದ.

“ಕೆಲಸ ಹೋದಾವ್ರು ಹಿಂಗ ಉಣತಾರೇನು?” ಅವ್ವ ಮೆಲ್ಲಗೆ ಕೇಳಿದಳು.

ಹೊಳೆವ್ವ ಹಂಚಿನ ಮೇಲಿದ್ದ ಬಿಸಿ ರೊಟ್ಟಿಯನ್ನು ತೆಗೆದು ಅಪ್ಪನ ತಾಟಿಗೆ ಹಾಕಿ, ಪಕ್ಕದಲ್ಲಿ ತನಗೂ ಒಂದು ತಾಟು ಇಟ್ಟುಕೊಂಡಳು.