ಕೆಂಪು ದಾರದ ಬಾಟಲಿ

"ಮೊದಲ ದಿನ ನಾನ ಕೊಯ್ದ ಹೃದಯ ಒಂದು ಹೇಳ್ತದ, ನೀವು ತಂದದ್ದೆಲ್ಲಾ ಅದರ ಉಲ್ಟಾ ಹೇಳ್ತಾವ. ಹಿಂಗ್ಯಾಕ್ರಿ, ಹಣಮೇಶ?"

ಅಮಿತಾ ಮೇಡಂ ಹುಬ್ಬು ಗಂಟಿಕ್ಕಿದ್ದರೂ ತುಟಿಯಂಚಿನಲ್ಲಿ ನಗುವಿತ್ತು. ಹಣಮೇಶನಿಗೆ ಆ ಅಂಚೇ ಸಾಕಾಗಿತ್ತು. ಕೆರೂರಿನ ಕುರಿಗಾರರ ಮನೆಯವನು, ಎರಡು ತಿಂಗಳಿಂದ ಬೈಕಿಗೆ ಐಸ್ ಡಬ್ಬಿ ಕಟ್ಟಿಕೊಂಡು ಬಾಗಲಕೋಟೆಯ ಈ ಲ್ಯಾಬಿಗೆ ಬರುತ್ತಿದ್ದ. ಖಾಸಿಂಸಾಬರ ಮಾಂಸದ ಅಂಗಡಿಯಲ್ಲೇ ಕುರಿಯ ಹೃದಯದಿಂದ ಉಗುರಿನಷ್ಟು ಚೂರು ಕೊಯ್ದು, ಬಲದ್ದನ್ನು ಕೆಂಪು ದಾರದ ಬಾಟಲಿಗೆ, ಎಡದ್ದನ್ನು ಹಸಿರು ದಾರದ್ದಕ್ಕೆ ಹಾಕುತ್ತಿದ್ದ. ದಾರ ಇಳಕಲ್ಲಿನ ಅತ್ತೆಯ ಮಗ್ಗದ್ದು. ಇವತ್ತಿನದು ಕೊನೆಯ ಡಬ್ಬಿ.

"ನೀವು ಯಾವಾಗ್ಲೂ ಹೇಳೋ ಆ ನೈಟ್ರಿಕ್ ಆಕ್ಸೈಡು ಹೃದಯಕ್ಕ ಏನ್ ಮಾಡ್ತೈತ್ರಿ ಮೇಡಂ?"

"ಆಕ್ಸಿಜನ್ ಸಾವಕಾಶ ಉಣ್ಣು ಅಂತದ. ಎಡ ಹೃದಯ ಬಂದ ಆಕ್ಸಿಜನ್ ಭಾಳಷ್ಟು ಖಾಲಿ ಮಾಡ್ತದ, ಬಲದ್ದು ಒಂದಿಷ್ಟು ಉಳಸ್ತದ. ಎರಡೂ ಅದರ ಮಾತು ಒಂದ ಸಮ ಕೇಳ್ತಾವೋ ಇಲ್ಲೋ, ಅದ ನನ್ನ ಪ್ರಶ್ನೆ."

"ಎಡದ್ದು ರೊಟ್ಟಿ ಮುಂದ ಕುಂತ ನನ್ನಂಗ ಐತಿ ಬಿಡ್ರಿ."

ಅವಳು ನಕ್ಕಳು. "ಬಲ ಯಾವುದಂತ ಹ್ಯಾಂಗ ನೋಡ್ತೀರಿ?"

"ಕುರಿ ತಲಿ ಮ್ಯಾಲ, ಎದಿ ನನ್ನ ಎದುರಿಗೆ ಮಾಡಿ ತೂಗಾಕಿರ್ತಾರಲ್ರಿ. ನನ್ನ ಬಲಗೈ ಕಡೆಗಿನದು."

ಅಮಿತಾ ಹಣೆ ಹಿಡಿದುಕೊಂಡಳು. "ಅದು ಕುರಿಯ ಎಡ! ದಪ್ಪ ಗೋಡೆ ಎಡದ್ದು ಅಂತ ನಾನ ಹೇಳಬೇಕಿತ್ತು. ಎಲ್ಲಾ ಮೊದಲಿಂದ ಮಾಡಬೇಕು. ಮತ್ತ ಎರಡು ತಿಂಗಳು."

ಮತ್ತೆ ಎರಡು ತಿಂಗಳು! ಸುಮ್ಮನಿದ್ದರೆ ಸಾಕು, ವಾರಕ್ಕೆ ಮೂರು ದಿನ ಈ ನಗು. ಆದರೆ ಅವಳ ಕಣ್ಣಿನ ಕೆಳಗಿನ ಕಪ್ಪು ಕಂಡಿತು.

"ಬ್ಯಾಡ್ರಿ. ಒಂದಿನಾನೂ ಬದಲಿಲ್ಲ, ಪ್ರತಿ ಸಲ ಹಂಗ ಕೊಯ್ದೀನಿ. ಖಾಸಿಂಸಾಬ್ರನ್ನ ಕೇಳ್ರಿ. ಬಾಟಲಿ ಹೆಸರು ಅದಲಿಬದಲಿ ಮಾಡಿದ್ರ ಮುಗೀತು."

ಅವಳು ಹೆಸರು ಬದಲಿಸಿಕೊಂಡು ಮೊದಲ ದಿನದ ಹಾಳೆಯ ಜೊತೆ ಹೋಲಿಸಿ ನೋಡಿದಳು. ತಾಳೆಯಾಯಿತು. ಹಾಳೆ ಮಡಚಿಟ್ಟು ಅವನತ್ತ ನೋಡಿದಳು.

"ಸುಮ್ನಿದ್ದಿದ್ರ ಇನ್ನೂ ಎರಡು ತಿಂಗಳು ಬರಬಹುದಿತ್ತು."

"ಗೊತ್ತೈತ್ರಿ."

"ಬರೋ ಮನಸ್ಸಿರಲಿಲ್ಲೇನು?"

"ಭಾಳ ಇತ್ರಿ. ಅದಕ್ಕ ಸುಮ್ನಿರಾಕ ಆಗಲಿಲ್ಲ."

ಅಮಿತಾ ಎದ್ದು, ಮೇಜು ಸುತ್ತಿ ಬಂದು, ಅವನ ಎಡಕ್ಕೆ ನಿಂತಳು. "ಎದುರಿಗಿದ್ರ ನಿಮಗ ಗೊಂದಲ. ಈಗ ಬಾಜೂಕ ನಿಂತೀನಿ. ತೋರಸ್ರಿ, ಬಲ ಯಾವ ಕಡೆ?"

ಹಣಮೇಶ ಎಡಗೈ ಚಾಚಿ ಅವಳ ಬೆರಳು ಹಿಡಿದ. "ಈ ಕಡೆರೀ."

"ತಪ್ಪು," ಅಂದಳು ಅಮಿತಾ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.