ಅತ್ಯುತ್ತಮ ನಟಿ

"ನಟನಿಗೆ ಕೊಡಿ, ನಿರ್ದೇಶಕನಿಗೆ ಕೊಡಿ, ಪರದೆ ಬರೆದೋನಿಗೆ ಬೇಕಾದ್ರೂ ಕೊಡಿ ಸಾರ್. ಅತ್ಯುತ್ತಮ ನಟಿ ಅಂತ ಮಾತ್ರ ಆ ಸ್ಟೇಜ್ ಮೇಲೆ ನಿಂತ್ಕೊಂಡು ಯಾರ ಹೆಸರೂ ಕರೀಬೇಡಿ."

ಇಷ್ಟು ಹೇಳಿ ಖಲೀಮುಲ್ಲಾ ಟೀ ಲೋಟ ಕೆಳಗಿಟ್ಟರು. ಚಿಕ್ಕಬಳ್ಳಾಪುರದ ಬಜಾರು ಬೀದಿಯಲ್ಲಿ ಅವರದು ರೇಷ್ಮೆ ನೂಲಿನ ಅಂಗಡಿ. ಅದರ ಮಹಡಿಯ ಮೇಲೆ ರಂಗವಿಮರ್ಶಕರ ಬಳಗ ಸೇರುತ್ತಿತ್ತು. ಊರಿಗೆ ಬಂದು ಟೆಂಟು ಹಾಕುವ ವೃತ್ತಿ ಕಂಪನಿಗಳು, ಸುತ್ತಲಿನ ಹವ್ಯಾಸಿ ತಂಡಗಳು, ಎಲ್ಲರ ನಾಟಕ ನೋಡಿ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುವ ಬಳಗ ಅದು. ಎಂಬತ್ತೇಳನೆಯ ಇಸವಿಯಲ್ಲಿ ಮೈಸೂರಿನಿಂದ ಕಾಲೇಜಿಗೆ ವರ್ಗವಾಗಿ ಬಂದಿದ್ದ ಚನ್ನಕೇಶವನನ್ನು, ಅವನ ಹರಿತವಾದ ವಿಮರ್ಶೆಗಳನ್ನು ಓದಿ ಮೆಚ್ಚಿದವರೇ ಅಧ್ಯಕ್ಷನನ್ನಾಗಿ ಕೂರಿಸಿದ್ದರು.

"ಇಷ್ಟು ವರ್ಷದಿಂದ ಒಬ್ಬ ಹೆಂಗಸಿಗೂ ಪ್ರಶಸ್ತಿ ಇಲ್ಲ ಅಂದ್ರೆ ಅದು ನಮಗೇ ನಾಚಿಕೆ. ಕಾರಣ ಏನು, ಹೇಳಿ," ಎಂದ ಚನ್ನಕೇಶವ.

ಖಲೀಮುಲ್ಲಾ ಕಿಟಕಿಯತ್ತ ತಿರುಗಿಕೊಂಡು ಹೇಳಿದರು. ವೆಂಕಟರತ್ನಮ್ಮ ಚಿಂತಾಮಣಿ ಕಡೆಯ, ತೆಲುಗು ಮನೆಮಾತಿನ ಕಂಪನಿ ನಟಿ. ಹಿಂದೊಂದು ವರ್ಷ ಪ್ರಶಸ್ತಿ ನಿನಗೇ ಎಂದು ಬಳಗವೇ ಅವಳಿಗೆ ಹೇಳಿ ಕಳಿಸಿತ್ತು. ಹೊಸ ಸೀರೆಯುಟ್ಟು, ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ ಕಾಯುತ್ತಿದ್ದಳು. ಕರೆಯುವ ಗಳಿಗೆಯಲ್ಲಿ ಯಾರೋ ದೊಡ್ಡ ಮನುಷ್ಯರ ಒತ್ತಾಯಕ್ಕೆ ಬೇರೊಬ್ಬಳ ಹೆಸರು ಬಂತು. ಜನ ಚಪ್ಪಾಳೆ ತಟ್ಟುತ್ತಿದ್ದರೆ ಇವಳು ವಿಂಗಿನಲ್ಲೇ ಕುಕ್ಕರಿಸಿ, ತಲೆಯಿಂದ ಒಂದು ಹಿಡಿ ಕೂದಲು ಕಿತ್ತು, ಕುಂಕುಮ ಬಳಿದು, ಮೊಳೆಗೆ ಸುತ್ತಿ ಹಲಗೆಗೆ ಹೊಡೆದಳು. ಅವಳ ತಾಯಿಯ ಕಡೆಯವರು ಮಾಟ ಬಲ್ಲವರೆಂಬ ಮಾತಿತ್ತು.

"'ಇನ್ನು ಮೇಲೆ ಯಾವ ನಟೀನ ಕರೆದ್ರೂ ಬರೋಳು ನಾನೇ' ಅಂದ್ಲು. ಯುಗಾದಿಗೆ ಮುಂಚೆ ಸತ್ತೋದ್ಲು. ಮಾರನೇ ವರ್ಷ ಒಂದು ಹುಡುಗೀನ ಕರೆದ್ವಿ. ಅವತ್ತಿಂದ ಆ ಹುಡುಗಿ ತನ್ನ ತಾಯೀನೇ ಗುರ್ತು ಹಿಡೀಲಿಲ್ಲ ಸಾರ್. ವೆಂಕಟರತ್ನಮ್ಮನ ದನೀಲಿ ಮಾತಾಡ್ತಾ ಮಾತಾಡ್ತಾನೇ ಪ್ರಾಣ ಬಿಡ್ತು."

"ಸೊಗಸಾಗಿದೆ. ಇದನ್ನೇ ಒಂದು ನಾಟಕ ಮಾಡಿ, ಅದಕ್ಕೂ ಪ್ರಶಸ್ತಿ ಕೊಡೋಣ," ಎಂದು ಚನ್ನಕೇಶವ ನಕ್ಕ. ಮಹಡಿಯಲ್ಲಿದ್ದ ಇನ್ಯಾರೂ ನಗಲಿಲ್ಲ.

ಅವನ ಮನಸ್ಸಿನಲ್ಲಿದ್ದವಳು ಶಿಡ್ಲಘಟ್ಟದ ಖುರ್ಷಿದ್. ಹಗಲೆಲ್ಲ ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬೆರಳ ತುದಿ ಬೆಳ್ಳಗೆ ನೆನೆದು ಹೋಗಿದ್ದ ಹುಡುಗಿ, ಸಂಜೆ ಹವ್ಯಾಸಿ ತಂಡದಲ್ಲಿ ಪಾತ್ರ ಕಟ್ಟಿದರೆ ಮುಂದಿನ ಸಾಲಿನವರು ಉಸಿರು ಬಿಗಿಹಿಡಿಯುತ್ತಿದ್ದರು. ಅವಳ ತಾಯಿ ಖತೀಜಾ ಬೀ ಮೊದಮೊದಲು ಮಗಳು ನಾಟಕಕ್ಕೆ ಹೋಗದಂತೆ ಬಾಗಿಲಿಗೆ ಚಿಲಕ ಹಾಕುತ್ತಿದ್ದಳಂತೆ. ಚನ್ನಕೇಶವ ಬರೆದ ವಿಮರ್ಶೆಯನ್ನು ಯಾರೋ ಓದಿ ಹೇಳಿದ ಮೇಲೆ ಸುಮ್ಮನಾದಳು. ಈ ಪ್ರಶಸ್ತಿಯೊಂದು ಬಂದರೆ ಮಗಳ ನಾಟಕದ ಬಗ್ಗೆ ನೆಂಟರ ಬಾಯಿ ಮುಚ್ಚುತ್ತದೆ ಎಂಬ ಆಸೆ ಅವಳಿಗೂ ಹುಟ್ಟಿತ್ತು.

ಸಮಾರಂಭ ಒಂದು ಭಾನುವಾರದ ಮಧ್ಯಾಹ್ನ. ಹೂವಿನ ಮಂಡಿಯ ಹಿಂದಿನ ಹಳೆಯ ನಾಟಕದ ಹಾಲು ಅದು. ತಗಡಿನ ಮಾಡು ಕಾದು ಟಪ್ ಟಪ್ ಎನ್ನುತ್ತಿತ್ತು. ಹೊರಗಿನಿಂದ ಕೊಳೆತ ಸೇವಂತಿಗೆಯ ವಾಸನೆ, ಒಳಗೆ ಹಳೆಯ ಬಣ್ಣ, ಗೋಂದು, ಬಾವಲಿಯ ಹಿಕ್ಕೆ. ಬೆಳಕು ಬಾರದಂತೆ ಬಾಗಿಲು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಜನ ಬರುವ ಮೊದಲು ಚನ್ನಕೇಶವ ವಿಂಗಿನೊಳಗೆ ಹೋಗಿ ಬೆಂಕಿಕಡ್ಡಿ ಗೀರಿ ನೋಡಿದ. ಮೊಳೆ ನಿಜವಾಗಿಯೂ ಇತ್ತು. ತುಕ್ಕು ಹಿಡಿದು ಕಪ್ಪಾಗಿತ್ತು. ಸುತ್ತಿದ ಕೂದಲು ಮಾತ್ರ ಈಗ ತಾನೇ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು.

"ತೆಗೀಬೇಡಿ ಸಾರ್," ಎಂದರು ಹಿಂದೆಯೇ ಬಂದ ಖಲೀಮುಲ್ಲಾ. "ಮೊಳೆ ಇರೋ ತನಕ ಅವಳು ಈ ಹಲಗೇಲೇ ಇರ್ತಾಳೆ, ಬೇರೆಲ್ಲೂ ಹೋಗೋಕಾಗಲ್ಲ."

ಚನ್ನಕೇಶವ ಅಲ್ಲೇ ಬಿದ್ದಿದ್ದ ಬಡಗಿಯ ಇಕ್ಕಳ ತೆಗೆದುಕೊಂಡು ಮೊಳೆಯನ್ನು ಕಿತ್ತ. ಹಸಿ ಮಾಂಸದಿಂದ ಮುಳ್ಳು ಬಂದಂತೆ ಅದು ಮೆತ್ತಗೆ ಬಂತು. ಕಿಟಕಿಯಾಚೆ ಮಂಡಿಯ ಕಸಕ್ಕೆ ಎಸೆದು ಕೈ ಒರೆಸಿಕೊಂಡ. ಬೆರಳಿಗೆ ಸುಟ್ಟ ಕೂದಲಿನ ನಾತ ಅಂಟಿತ್ತು. ಸೋಪು ಹಾಕಿ ತೊಳೆದರೂ ಹೋಗಲಿಲ್ಲ.

ಹಾಲು ತುಂಬಿತು. ನಟ, ನಿರ್ದೇಶಕ, ಸಂಗೀತ, ಒಂದೊಂದಾಗಿ ಮುಗಿದವು. ಕೊನೆಗೆ ಚನ್ನಕೇಶವ ಫಲಕ ಹಿಡಿದು ಮೈಕಿನ ಮುಂದೆ ಬಂದ. ಎರಡನೆಯ ಸಾಲಿನಲ್ಲಿ ಖುರ್ಷಿದ್ ತಾಯಿಯ ಕೈ ಹಿಡಿದು ಕೂತಿದ್ದಳು.

"ಈ ವರ್ಷದ ಅತ್ಯುತ್ತಮ ನಟಿ..."

ಕರೆಂಟು ಹೋಯಿತು. ಎಮರ್ಜೆನ್ಸಿ ದೀಪವೊಂದು ಮೂಲೆಯಲ್ಲಿ ಮಿಣುಕಿತು. ಮೈಕು ಸತ್ತಿರಬೇಕಿತ್ತು. ಆದರೆ ಅದರೊಳಗೆ ಯಾರೋ ಉಸಿರಾಡುತ್ತಿದ್ದರು.

"ನಾ ಪೇರು ಚೆಪ್ಪು."

ನನ್ನ ಹೆಸರು ಹೇಳು. ತೆಲುಗು. ಹೆಂಗಸಿನ ದನಿ. ಅವನ ಕಿವಿಯ ಪಕ್ಕದಲ್ಲೇ. ವಿಂಗಿನಿಂದ ಗೆಜ್ಜೆಯ ಸದ್ದು ಬಂತು. ನಿಧಾನ. ಅಡಿ ಎಳೆಯುವಂತೆ. ಹಲಗೆ ಕಿರುಗುಟ್ಟಿತು. ಅವನು ಗಂಟಲು ಸರಿಮಾಡಿಕೊಂಡ.

"ಖು..."

ಅಷ್ಟೇ ಬಂತು. ಎರಡನೆಯ ಸಾಲಿನಲ್ಲಿ ಖುರ್ಷಿದ್ ಎದ್ದು ನಿಂತಳು. ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಜರಿ ಸೀರೆ. ಮುಖದ ಬಣ್ಣ ಹೆಪ್ಪುಹೆಪ್ಪಾಗಿ ಸುಲಿದಿತ್ತು. ತಲೆಯ ಒಂದು ಪಕ್ಕ ಬೋಳು. ಅವಳ ಕೈ ಹಿಂದಿನಿಂದ ಖುರ್ಷಿದಳ ಕುತ್ತಿಗೆ ಬಳಸಿತು. ಖುರ್ಷಿದ್ ಬಾಯಿ ತೆರೆದಳು. ಉಸಿರಿಲ್ಲ. ಕಣ್ಣು ಮೇಲಕ್ಕೆ ಸರಿಯಿತು. ಪಕ್ಕದಲ್ಲಿದ್ದ ಖತೀಜಾ ಬೀಗೆ ಏನೂ ಕಾಣುತ್ತಿರಲಿಲ್ಲ. "ಕ್ಯಾ ಹುವಾ ಬೇಟಾ? ಏನಾಯ್ತೇ?" ಎಂದು ಮಗಳ ಬೆನ್ನು ತಟ್ಟುತ್ತಿದ್ದಳು.

ಆಗ ಚನ್ನಕೇಶವನ ನಗು, ತರ್ಕ, ಓದು ಎಲ್ಲ ಒಟ್ಟಿಗೆ ಕಾಲು ಕಿತ್ತವು.

"ವೆಂಕಟರತ್ನಮ್ಮ," ಎಂದು ಅವನು ಕೂಗಿದ. "ಅತ್ಯುತ್ತಮ ನಟಿ ವೆಂಕಟರತ್ನಮ್ಮ. ಆ ಹುಡುಗೀನ ಬಿಡಮ್ಮಾ. ಬಂದು ನಿಂದು ನೀನು ತಗೋ."

ಫಲಕ ಚಾಚಿದ. ತಣ್ಣಗಿನ ಬೆರಳುಗಳು ಅದನ್ನು ತೆಗೆದುಕೊಂಡವು. ಅಲ್ಲಿಗೆ ನಿಲ್ಲಲಿಲ್ಲ. ತುಟಿಗೆ ಬಂದವು. ಹಲ್ಲು ಸರಿಸಿದವು. ನಾಲಿಗೆಯ ಬುಡಕ್ಕೆ ಇಳಿದವು. ಅಲ್ಲಿಂದ ಏನನ್ನೋ, ಗೂಡಿನಿಂದ ಎಳೆ ತೆಗೆದಂತೆ, ಎಳೆದವು. ಎಳೆದವು. ಎಳೆ ಕಡಿಯಿತು.

ಎಚ್ಚರವಾದಾಗ ಅವನು ಆಸ್ಪತ್ರೆಯಲ್ಲಿದ್ದ. ಖುರ್ಷಿದ್ ಕ್ಷೇಮವಾಗಿದ್ದಳು. ಸೆಕೆಗೆ ತಲೆ ಸುತ್ತಿತು ಎಂದುಕೊಂಡಿದ್ದಳು. ಚನ್ನಕೇಶವನಿಗೆ ಮಾತು ಹೋಗಿತ್ತು. ಬೆಂಗಳೂರಿನ ವೈದ್ಯರು ಟಾರ್ಚು ಬಿಟ್ಟು ನೋಡಿ, ಗಂಟಲಿನಲ್ಲಿ ಯಾವ ದೋಷವೂ ಇಲ್ಲ ಎಂದರು. ಹೆಂಡತಿ ಶ್ಯಾಮಲಮ್ಮ ಹೊತ್ತ ಹರಕೆಗಳೂ ಫಲಿಸಲಿಲ್ಲ. ಪಾಠ ಹೇಳುತ್ತಿದ್ದವನು ಕಾಲೇಜಿನ ಲೈಬ್ರರಿಯಲ್ಲಿ ಮೂಕನಾಗಿ ಕೂತ.

ಖುರ್ಷಿದ್ ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದಳು. "ಪ್ರಶಸ್ತಿ ಬರದಿದ್ರೆ ಹೋಗ್ಲಿ ಸಾರ್. ನಿಮ್ಮ ಬಾಯಲ್ಲಿ ಒಂದ್ಸಲ ನನ್ನ ಹೆಸರು ಕೇಳ್ಬೇಕು ಅಂತಿತ್ತು, ಅಷ್ಟೇ," ಎಂದಿದ್ದಳು ಒಮ್ಮೆ. ಅವನು ಅವಳ ತಲೆ ನೇವರಿಸಿದ್ದ. ಹುಡುಗಿಯನ್ನು ಉಳಿಸಿದೆನಲ್ಲ, ಮಾತು ಹೋದರೇನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ.

ಮುಂದಿನ ಮಾಘದಲ್ಲಿ ಗೌರಿಬಿದನೂರಿನಲ್ಲಿ ಅವಳ ನಾಟಕ. ಖಲೀಮುಲ್ಲಾ ಒತ್ತಾಯ ಮಾಡಿ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಸ್ಕೂಲಿನ ಬಯಲಿನಲ್ಲಿ ಸಂಜೆಯ ಆಟ. ಮೊದಲ ಅಂಕ ಚೆನ್ನಾಗಿ ನಡೆಯಿತು. ಎರಡನೆಯ ಅಂಕದಲ್ಲಿ ರಂಗದ ಮೇಲೆ ಖುರ್ಷಿದ್ ಒಬ್ಬಳೇ. ಹಾರ್ಮೋನಿಯಂ ನಿಂತಿತ್ತು. ಅವಳು ಮಾತು ಶುರುಮಾಡಬೇಕು.

ಹಿಂಪರದೆಯ ಕತ್ತಲಿನಿಂದ ಗಂಡಸಿನ ದನಿಯೊಂದು ಮೃದುವಾಗಿ ಬಂತು.

"ಈ ವರ್ಷದ ಅತ್ಯುತ್ತಮ ನಟಿ... ಖುರ್ಷಿದ್."

ಅದು ಚನ್ನಕೇಶವನದೇ ದನಿ. ಅವನದೇ ಏರಿಳಿತ. ಹೆಸರಿನ ಮುಂಚೆ ಅವನು ತೆಗೆದುಕೊಳ್ಳುವ ಅದೇ ಬಿಡುವು.

ಖುರ್ಷಿದ್ ತಟ್ಟನೆ ತಿರುಗಿದಳು. ಮುಖ ಅರಳಿತು. ಪಾತ್ರ ಮರೆತಳು. "ಸಾರ್? ಮಾತು ಬಂತಾ ಸಾರ್?" ಎಂದಳು.

ಅವನು ಎದ್ದ. ಬಾಯಿ ತೆರೆದ. ಬೇಡ. ಹೋಗಬೇಡ. ಗಾಳಿ ಮಾತ್ರ ಬಂತು. ಕುರ್ಚಿ ಬಿತ್ತು. ಜನರ ಕಾಲು ತುಳಿದು ಮುಂದಕ್ಕೆ ನುಗ್ಗಿದ. ಯಾರೋ ಕುಡುಕನೆಂದು ಇಬ್ಬರು ಅವನ ರಟ್ಟೆ ಹಿಡಿದರು. ಒದ್ದಾಡಿದ. ಕೈ ಬೀಸಿದ. ಅವಳು ಇತ್ತ ನೋಡಲೇ ಇಲ್ಲ.

"ಬಂದೆ ಸಾರ್," ಎಂದು ಖುರ್ಷಿದ್ ಪರದೆಯ ಹಿಂದೆ ಹೋದಳು.

ಪರದೆ ಒಮ್ಮೆ ಉಬ್ಬಿತು. ಸುಮ್ಮನಾಯಿತು. ಯಾರೂ ಕಿರುಚಲಿಲ್ಲ.

ಮತ್ತೆ ಅವಳು ಹೊರಬಂದಾಗ ನಡಿಗೆ ನಿಧಾನವಾಗಿತ್ತು. ದೀಪದ ಕೆಳಗೆ ನಿಂತು, ಕತ್ತು ಓರೆ ಮಾಡಿ, ಕಿಕ್ಕಿರಿದ ಬಯಲನ್ನು ಬಹಳ ದಿನದ ಹಸಿವೆಯಿಂದ ನೋಡಿದಳು. ಆಮೇಲೆ ಮಾತು ಎತ್ತಿದಳು. ಅಗಲವಾದ, ಮಾಗಿದ, ಕಂಚಿನಂಥ ದನಿ. ಕೊನೆಯ ಸಾಲಿನ ತನಕ ಮೈ ಜುಮ್ಮೆಂದಿತು. ಇಂಥ ಅಭಿನಯವನ್ನು ಆ ಊರು ಕಂಡಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಖತೀಜಾ ಬೀ ಹೆಮ್ಮೆಯಿಂದ ಕಣ್ಣೊರೆಸಿಕೊಂಡು, "ಖುರ್ಷಿದ್, ಮೇರಿ ಬಚ್ಚಿ," ಎಂದು ಕೈ ಎತ್ತಿ ಕರೆದಳು. ರಂಗದ ಮೇಲಿದ್ದವಳು ತಾಯಿಯನ್ನು ನೋಡಿದಳು. ಯಾರೋ ಗುರುತಿಲ್ಲದ ಹೆಂಗಸನ್ನು ನೋಡಿದಂತೆ ನೋಡಿ, ಮುಖ ತಿರುಗಿಸಿ, ಚಪ್ಪಾಳೆಗೆ ಕೈ ಮುಗಿದಳು.