ಕೋಟೆಯೊಳಗೆ ಕಳೆದ ಲಿಂಗ

"ಏ ಶೈಲಾ, ಯಾಕ ನಿಂತಿ? ತೋಪು ನೋಡೂದಿಲ್ಲೇನು?"

ಮಂಗಲ ಬುರುಜಿನ ಮೇಲಿಂದ ಕೂಗಿದಳು. ಶೈಲಾ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಳು. ಅವಳ ಕೈ ಎದೆಯ ಮೇಲಿತ್ತು. ಅಲ್ಲಿ ಇರಬೇಕಾದದ್ದು ಇರಲಿಲ್ಲ.

"ಮಂಗಲಾ, ನನ್ನ ಲಿಂಗ!"

ಬೆಳ್ಳಿಯ ಕರಡಿಗೆ, ಅದರೊಳಗಿನ ಲಿಂಗ, ಎರಡೂ ಮಾಯ. ಸ್ವಾಮಿಗಳು ಅದನ್ನು ಅವಳ ಕೊರಳಿಗೆ ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಅವತ್ತೇ ಅಜ್ಜಿ ಸಾವಿತ್ರೆವ್ವ ಕಿವಿ ಹಿಡಿದು ಹೇಳಿದ್ದಳು: "ನಮ್ಮ ಮನ್ಯಾಗ ಯಾರದರ ಲಿಂಗ ಕಳೀತಂದ್ರ, ಅದು ಸಿಗೂತನಕ ಯಾರೂ ಹನಿ ನೀರೂ ಮುಟ್ಟೂದಿಲ್ಲ. ನೆಪ್ಪಿಟ್ಕೊ."

"ಆ ದಿಡ್ಡಿ ಬಾಗಿಲದಾಗ ತೆವಳಿ ಬಂದ್ವಲ್ಲ, ಅಲ್ಲೇ ಬಿದ್ದಿರತೈತಿ," ಎಂದಳು ಮಂಗಲ. " ನಡಿ, ಹುಡುಕೂಣು."

ಅಷ್ಟರಲ್ಲಿ ಕೆಳಗಿನಿಂದ ಶೈಲಾಳ ಅಪ್ಪನ ಕೂಗು ಕೇಳಿಸಿತು. "ಲಗೂನ ಇಳೀರಿ! ಅಜ್ಜಿ ಶುಗರ್ ಗುಳಿಗಿ ತಗೊಂಡಾಳ, ಉಣ್ಣಾಕ ತಡಾ ಆಗಬಾರದು!"

ಶೈಲಾಳಿಗೆ ನೆನಪಾಯಿತು: ಹೋದ ಬೇಸಿಗೆಯಲ್ಲಿ ಗುಳಿಗೆ ನುಂಗಿ ಊಟ ತಡವಾಗಿ ಅಜ್ಜಿ ಬಾಗಿಲಲ್ಲೇ ಕುಸಿದಿದ್ದಳು. ಬಾಯಿಗೆ ಸಕ್ಕರೆ ಹಾಕಿದ ಮೇಲೇ ಕಣ್ಣು ಬಿಟ್ಟಿದ್ದು.

"ಹೇಳಿದ್ರ ಅಜ್ಜಿ ಉಣ್ಣೂದಿಲ್ಲ. ಖರೇನ ಉಣ್ಣೂದಿಲ್ಲ."

"ಹಂಗಾರ ಹೇಳಬ್ಯಾಡ." ಮಂಗಲಳ ಮನೆಯವರು ಕುರಿ ಕಾಯುವವರು, ಅವರಲ್ಲಿ ಲಿಂಗ ಕಟ್ಟುವ ಪದ್ಧತಿಯಿಲ್ಲ. ಹಾಗಾಗಿ ಅವಳಿಗೆ ಉಪಾಯ ಬೇಗ ಹೊಳೆಯಿತು. ಒಂದು ಕರಿ ಹರಳು ಆರಿಸಿ ಕೊಟ್ಟಳು. "ಉಣ್ಣೂದಕ್ಕ ಮುಂಚೆ ಪೂಜಿ ಮಾಡೂವಾಗ ಇದನ್ನ ಕೈಯಾಗ ಇಟ್ಕೊಂಡು ಕಣ್ಣ ಮುಚ್ಚು. ಅಜ್ಜಿ ಉಂಡ ಮ್ಯಾಲ ಹುಡುಕೂಣು."

ಕೆಳಗೆ ಬೇವಿನ ನೆರಳಲ್ಲಿ ಚಾಪೆ ಹಾಸಿತ್ತು. ಗಡಿನಾಡಿನ ಬಿಳೂರಿನಿಂದ ಎರಡೂ ಮನೆಯವರು ಒಂದೇ ಜೀಪಿನಲ್ಲಿ ಬಂದಿದ್ದರು. ಪಕ್ಕದಲ್ಲಿ ಕೋಟೆಯ ಇತಿಹಾಸದ ಮರಾಠಿ ಬೋರ್ಡಿತ್ತು. ಅರ್ಧ ಅಳಿಸಿತ್ತು, ಉಳಿದರ್ಧದ ಮೇಲೆ ಯಾರೋ ತಮ್ಮ ಪ್ರೀತಿಯ ಇತಿಹಾಸ ಗೀಚಿದ್ದರು. ಮಂಗಲಳ ಅಪ್ಪ ವಿಠೋಬ ಉಳ್ಳಾಗಡ್ಡಿ ಒಡೆಯುತ್ತಿದ್ದ.

ಅಜ್ಜಿ ತನ್ನ ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸಿದಳು. ಎದುರಿಗೆ ಶೈಲಾ ಮುಷ್ಟಿಯೊಳಗೆ ಹರಳನ್ನು ಬಿಗಿಹಿಡಿದು ತುಟಿ ಅಲುಗಿಸಿದಳು. ಅಪ್ಪ ನೋಡಲಿಲ್ಲ. ಕೋಟೆಯನ್ನೂ ತನ್ನ ಹೊಟ್ಟೆಯನ್ನೂ ಒಂದೇ ಸೆಲ್ಫಿಗೆ ಸೇರಿಸಲು ಅವನು ಒದ್ದಾಡುತ್ತಿದ್ದ. ಅಜ್ಜಿ ಒಮ್ಮೆ ನೋಡಿದಳು. ರೊಟ್ಟಿ ಮುರಿದಳು. ಉಂಡಳು.

ಒಂದು ರೊಟ್ಟಿ ಮುಗಿಯಿತು. ಶೈಲಾ ಉಸಿರು ಬಿಟ್ಟಳು. ಆದರೆ ಅವಳ ತುತ್ತು ಮಾತ್ರ ತಟ್ಟೆ ಬಿಟ್ಟು ಏಳಲಿಲ್ಲ.

"ಯಾಕವಾ, ಚಟ್ನಿ ಖಾರ ಆಗೇತೇನು?" ಎಂದ ವಿಠೋಬ.

ಅಷ್ಟೇ ಸಾಕಾಯಿತು. ಶೈಲಾ ಅತ್ತುಬಿಟ್ಟಳು. ಹರಳು ಚಾಪೆಯ ಮೇಲೆ ಉರುಳಿತು.

"ಅಜ್ಜಿ, ಇದು ಬರೇ ಕಲ್ಲು. ನನ್ನ ಲಿಂಗ ಕಳದೈತಿ. ನೀ ಉಣ್ಣಲಿ ಅಂತ ಸುಳ್ಳ ಪೂಜಿ ಮಾಡೀನಿ!"

ಅಪ್ಪನ ಮೊಬೈಲು ಗಾಳಿಯಲ್ಲೇ ನಿಂತಿತು. ವಿಠೋಬ ಬಾಯಿಗೆ ಒಯ್ದ ರೊಟ್ಟಿಯನ್ನು ಹಾಗೇ ಬುಟ್ಟಿಗಿಟ್ಟ. ಅರವತ್ತು ವರ್ಷ ನೇಮ ತಪ್ಪದ ಸಾವಿತ್ರೆವ್ವನಿಗೆ ಮೊಮ್ಮಗಳೇ ಮೋಸದಿಂದ ಉಣ್ಣಿಸಿದ್ದಳು!

"ಏನ ಮಾಡಿಬಿಟ್ಟಿ, ಶೈಲಾ?" ಎಂದ ಅಪ್ಪ.

ಅಜ್ಜಿ ಕೈ ತೊಳೆದಳು. "ಏಳ್ರಿ. ಇಲ್ಲೇ ಕುಂತ್ರ ಸಿಗತೈತೇನು?"

ದಿಡ್ಡಿ ಬಾಗಿಲು ದಪ್ಪ ಗೋಡೆಯೊಳಗಿನ ಬಿಲದಂತಿತ್ತು. ಮೊಬೈಲ್ ಟಾರ್ಚ್ ಹಿಡಿದು ಮಂಗಲ ಮುಂದೆ ತೆವಳಿದಳು, ನಡುವೆ ಶೈಲಾ. ಯಾರು ಬೇಡವೆಂದರೂ ಕೇಳದೆ, ಮೊಣಕಾಲೂರಿ, ಹಿಂದೆ ಅಜ್ಜಿ.

"ಸಿಕ್ತು! ಅಜ್ಜಿ, ಸಿಕ್ತು!" ಎಂದು ಚೀರಿದ ಮಂಗಲ, ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆಳೆದಳು. "ನಾ ಮುಟ್ಟಬಹುದೇನ್ರಿ?"

"ಮತ್ತ ಕಣ್ಣಿಲೆ ಎತ್ತಾಕ ಬರತೈತೇನು? ಕೊಡ ಇತ್ತಾಗ."

ಅಜ್ಜಿ ಕರಡಿಗೆಯನ್ನು ಸೆರಗಿನಿಂದ ಒರೆಸಿ, ದಾರಕ್ಕೆ ಗಂಟು ಹಾಕಿ, ಶೈಲಾಳ ಕೊರಳಿಗೆ ಕಟ್ಟಿದಳು. "ಮುಷ್ಟಿ ಬಿಗಿದು ಯಾರರ ಲಿಂಗಪೂಜಿ ಮಾಡತಾರೇನು, ಹುಚ್ಚಿ?"

ಶೈಲಾ ಬೆಚ್ಚಿ ತಿರುಗಿದಳು. "ಅಂದ್ರ ನಿನಗ ಗೊತ್ತಿತ್ತು? ಗೊತ್ತಿದ್ದೂ ಉಂಡಿ?"

"ಮುಂದ ನಡಿ. ನನ್ನ ಮೊಣಕಾಲು ಸೋತಾವು."

ಶೈಲಾ ಮೆಲ್ಲಗೆ ಮುಂದೆ ಸರಿಯುತ್ತ, ಅಜ್ಜಿ ಮೊಣಕಾಲೂರುವ ಜಾಗದ ಚೂಪು ಹರಳುಗಳನ್ನು ಒಂದೊಂದಾಗಿ ಬದಿಗೆ ಸರಿಸತೊಡಗಿದಳು.